ವೆಲ್ಡಿಂಗ್ ಮೇಲಿನ ಬಿಳಿ ಗೆರೆ

ಬೆಳಗಿನ ಮೊದಲ ಓಟ ಮುಗಿಸಿ ಬಂದ ರೇಸ್ ಕಾರಿನ ಮೂತಿ ಒರೆಸಲು ಕೂತ ಲೊರೀನ್‌ಗೆ, ನಿನ್ನೆ ತಾನೇ ಎಳೆದ ಬಿಳಿ ಗೆರೆ ಒಂದು ಕಡೆ ತುಂಡಾಗಿರುವುದು ಕಂಡಿತು. ಕೂದಲೆಳೆಯಷ್ಟು ಅಂತರ, ಅಷ್ಟೇ. ಅವಳು ಬಟ್ಟೆ ಬಿಟ್ಟು ಬಗ್ಗಿ ನೋಡಿದಳು.

ಯಾಕೆಂದರೆ ಲೊರೀನ್ ಎಳೆದ ಗೆರೆ ತುಂಡಾಗುವುದಿಲ್ಲ. ಬೇಕಾದರೆ ಸ್ಯಾನ್ ಫರ್ನಾಂಡೊ ಕಣಿವೆಯ ಯಾವ ಗ್ಯಾರೇಜಿಗಾದರೂ ಹೋಗಿ ಕೇಳಿ. ಕಾರುಗಳ ಮೇಲೆ ಅಲಂಕಾರದ ಗೆರೆ ಎಳೆಯುವುದೇ ಅವಳ ಕಸುಬು. ಅಳಿಲುಕೂದಲಿನ ಕುಂಚ ಹಿಡಿದು ಉಸಿರು ಬಿಗಿಹಿಡಿದಳೆಂದರೆ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ.

ಕಾರು ಅವಳ ಗಂಡ ವೆಂಡೆಲ್‌ನದು. ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೇ ಫೋರ್ಡ್ ಟಿ ಒಂದರ ತೊಟ್ಟಿಯಂಥ ಒಡಲನ್ನು ಗುಜರಿಯಿಂದ ಹೊತ್ತು ತಂದು, ಎರಡು ವರ್ಷ ಅದರ ಜೊತೆಗೇ ಸಂಸಾರ ಮಾಡಿದ್ದ. ಮಡ್‌ಗಾರ್ಡ್ ಕಿತ್ತೆಸೆದ. ಬಾನೆಟ್ಟೂ ಹೋಯಿತು, ನುಜ್ಜುಗುಜ್ಜಾದ ಕ್ಯಾಡಿಲಾಕ್ ಒಂದರಿಂದ ಬಿಚ್ಚಿ ತಂದ ಎಂಟು ಸಿಲಿಂಡರಿನ ಎಂಜಿನ್ ಬೆತ್ತಲೆ ನಿಂತು ಹೊಳೆಯಬೇಕಲ್ಲ! ನೆಟ್ಟಗೆ ನಿಂತ ಗಾಜು, ಹಿಂದೆ ಮೊಟಕು ಮಾಡಿದ ಸಾಮಾನಿನ ಪೆಟ್ಟಿಗೆ, ಅದರಡಿ ದಪ್ಪ ಟೈರು. ಮುಂದಿನ ಚಕ್ರ ಮಾತ್ರ ಸಣಕಲು. ಕಾರಿನ ಅಡಿಚೌಕಟ್ಟಾದ ಚಾಸಿಯನ್ನು ಕತ್ತರಿಸಿ ನೆಲಕ್ಕಿಳಿಸಿ, ಮುಂದಿನ ಚಕ್ರಗಳ ಆಕ್ಸಲನ್ನು ರೇಡಿಯೇಟರಿಗಿಂತಲೂ ಮುಂದೆ, ವೆಲ್ಡ್ ಮಾಡಿದ ಒಂದು ಉಕ್ಕಿನ ತುಂಡಿಗೆ ನೇತುಹಾಕಿದ್ದ. ಮುಂಭಾರವೆಲ್ಲ ಆ ಒಂದು ವೆಲ್ಡಿಂಗ್ ಮೇಲೆ. ಇಲ್ಲಿಯ ಹುಡುಗರು ಈ ಜೋಡಣೆಗೆ 'ಆತ್ಮಹತ್ಯೆ ಮೂತಿ' ಅಂತ ಹೆಸರಿಟ್ಟು ನಗುತ್ತಾರೆ. ನಗುವ ಮಾತೇ ಅದು?

ಆ ವೆಲ್ಡಿಂಗ್ ಮೊದಲು ಗಂಟುಗಂಟಾಗಿ ಎದ್ದು ಕಾಣುತ್ತಿತ್ತು. "ಈ ಕಂಬಳಿಹುಳದ ಮೇಲೆ ಹೆಂಗಪ್ಪಾ ಗೆರೆ ಎಳೀಲಿ?" ಅಂತ ಮೂಗು ಮುರಿದವಳು ಇದೇ ಲೊರೀನ್. ವೆಂಡೆಲ್‌ಗೂ ಇಡೀ ಚಾಸಿ ಒಂದೇ ಎರಕದ ಹಾಗೆ ಕಾಣಬೇಕಿತ್ತು. ಗ್ರೈಂಡರ್ ಹಿಡಿದು ನುಣ್ಣಗೆ ತಿಕ್ಕಿದ. ಮೇಲೆ ಮಿಠಾಯಿಯ ಹಾಗೆ ಮಿನುಗುವ ಕೆಂಪು ಬಣ್ಣ ಹೊಡೆದ. ಅದರ ಮೇಲೆ ಲೊರೀನ್ ನಿನ್ನೆ ಬಿಳಿ ಗೆರೆ ಎಳೆದಳು. ಅಂದ ಅಂದ ಅಂತ ಇಬ್ಬರೂ ಸೇರಿ ಗಟ್ಟಿತನವನ್ನೇ ಸವೆಸಿಬಿಟ್ಟಿದ್ದರು.

"ವೆಂಡೆಲ್, ಇಳಿದು ಬಾ ಇಲ್ಲಿ. ವೆಲ್ಡಿಂಗ್ ಬಿಟ್ಕೊಂಡಿದೆ."

ಎರಡನೇ ಓಟಕ್ಕೆ ಹೆಲ್ಮೆಟ್ ಹಾಕಿ ಕೂತಾಗಿತ್ತು ಅವನು. "ನಿನ್ನ ಕೈ ನಡುಗಿರುತ್ತೆ, ಬಿಡೇ."

"ನನ್ನ ಕೈಯಾ?"

"ಇಲ್ಲಾ, ಬಣ್ಣ ಬಿರುಕು ಬಿಟ್ಟಿರುತ್ತೆ ಮಾರಾಯ್ತಿ. ಪತ್ರಿಕೆಯವನು ಕ್ಯಾಮೆರಾ ಹಿಡ್ಕೊಂಡು ಕಾಯ್ತಿದಾನೆ. ಇವತ್ತು ಓಡಿಸ್ಲಿಲ್ಲ ಅಂದ್ರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಸರಿ ಆಚೆ."

ಪಕ್ಕದ ನೀಲಿ ಕಾರಿನಲ್ಲಿ ಪೈಪೋಟಿಗೆ ನಿಂತಿದ್ದ ಟಾಲ್ಬಟ್ ಕತ್ತು ಚಾಚಿದ. "ಏನಪ್ಪಾ ವೆಂಡೆಲ್, ಮನೆಯವರು ಅಪ್ಪಣೆ ಕೊಡ್ಲಿಲ್ವಾ?"

ಸುತ್ತ ನಿಂತವರು ಘೊಳ್ಳೆಂದರು. ವೆಂಡೆಲ್‌ನ ಕಿವಿ ಕೆಂಪಾಯಿತು. ಅವನು ಎಂಜಿನ್ ಚಾಲೂ ಮಾಡಿಯೇಬಿಟ್ಟ.

ಕಾರು ಅದುರತೊಡಗಿತು. ಲೊರೀನ್ ಗೆರೆಯಿಂದ ಕಣ್ಣು ಕೀಳಲಿಲ್ಲ. ಬಿಳಿ ತುದಿಗಳೆರಡೂ ದೂರವಾದವು, ಕೂಡಿದವು, ಮತ್ತೆ ದೂರವಾದವು. ಎದುರಿಗೆ ರೇಸಿನ ದಾರಿಯಾದ ಹಳೇ ವಿಮಾನಪಟ್ಟಿ ಬಿಸಿಲಲ್ಲಿ ಬಿದ್ದುಕೊಂಡಿತ್ತು. ಅರ್ಧ ದಾರಿಯಲ್ಲಿ ಈ ತುಂಡು ಕಿತ್ತುಕೊಂಡರೆ ಮೂತಿ ಕಾಂಕ್ರೀಟಿಗೆ ಹೂತು, ಸೂರಿಲ್ಲದ ಈ ತೊಟ್ಟಿ ಅವನನ್ನು ಒಳಗಿಟ್ಟುಕೊಂಡೇ ಮಗುಚುತ್ತದೆ. ಅವಳು ಕೂಗಿದಳು. ಎಂಜಿನ್ನಿನ ಆರ್ಭಟದಲ್ಲಿ ಯಾರಿಗೆ ಕೇಳಬೇಕು? ಓಟ ಶುರುಮಾಡುವ ಬಾವುಟದವನು ಕೈ ಎತ್ತುತ್ತಿದ್ದ.

ಕಾರಿನ ಬಣ್ಣಕ್ಕೆ ಯಾರಾದರೂ ಬೆರಳು ತಾಗಿಸಿದರೂ ಜಗಳಕ್ಕೆ ನಿಲ್ಲುವ ಜನ ಇವರು. ಲೊರೀನ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದವಳೇ, ಎಲ್ಲರೂ ನೋಡುತ್ತಿದ್ದಂತೆ, ಆ ಕೆಂಪಿನ ಮೇಲೆ ಪರಪರ ಕೆರೆದಳು. ತನ್ನ ಗೆರೆಯನ್ನೂ ಬಿಡಲಿಲ್ಲ.

"ಹುಚ್ಚು ಗಿಚ್ಚು ಹಿಡೀತೇನೇ ನಿಂಗೆ!"

ವೆಂಡೆಲ್ ಹಾರಿ ಬಂದು ಅವಳ ಮಣಿಕಟ್ಟು ಹಿಡಿದ. ಹಿಡಿದ ಕೈ ಬಿಡದೆ, ಬಣ್ಣದ ಗಾಯ ಎಷ್ಟು ಆಳವಾಗಿದೆ ಅಂತ ಬಗ್ಗಿದ. ಎಂಜಿನ್ ಇನ್ನೂ ಗುಡುಗುತ್ತಲೇ ಇತ್ತು. ಬಣ್ಣ ಹೋದ ಜಾಗದಲ್ಲಿ ಬರೀ ಉಕ್ಕು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಅವನು ಒಂದು ಕೈ ಚಾಚಿ ಎಂಜಿನ್ನಿನ ತಂತಿ ಕಿತ್ತು ಅದನ್ನು ಆರಿಸಿದ. ಆಮೇಲೆ ಅಲ್ಲೇ ನೆಲದ ಮೇಲೆ ಕೂತ. ಟಾಲ್ಬಟ್ ಇಳಿದು ಬಂದು ನೋಡಿದ, ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಮತ್ತೆ ವೆಲ್ಡ್ ಮಾಡ್ತೀನಿ," ಅಂದ ವೆಂಡೆಲ್. "ಈ ಸಲ ತಿಕ್ಕಲ್ಲ."

"ತಿಕ್ಬೇಡ. ಕಂಬಳಿಹುಳ ಹಂಗೇ ಇರ್ಲಿ. ಅದನ್ನ ಹತ್ತಿ ಇಳಿದೇ ಗೆರೆ ಎಳೀತೀನಿ."

ಅವಳ ಮಣಿಕಟ್ಟು ಇನ್ನೂ ಅವನ ಹಿಡಿತದಲ್ಲೇ ಇತ್ತು. ಅವನು ಅದನ್ನೇ ನೋಡಿದ. "ಲೊರೀನ್, ನಿನ್ನ ಕೈ ನಡುಗ್ತಿದೆ."

"ಇವತ್ತು ನಡುಗ್ತಿದೆ ಕಣೋ," ಅಂದಳು ಅವಳು, ತಡೆಯಲಾರದೆ ಅಳುತ್ತ. "ನಿನ್ನೆ ನಡುಗಿರ್ಲಿಲ್ಲ."