ಫೆನ್ನಾಳ ಎಡ ತುಟಿ

ಮೆನ್ನೋ ಬರೆದ ವ್ಯಂಗ್ಯಚಿತ್ರವೆಂದರೆ ಮೂಗಿದ್ದವನಿಗೆ ಮೂಗೇ ಮೂಗು, ಹೊಟ್ಟೆಯಿದ್ದವನಿಗೆ ಹೊಟ್ಟೆಯೇ ಹೊಟ್ಟೆ. ಯಾರ ಮುಲಾಜೂ ಇಲ್ಲದ ಕೈ ಎಂದು ಅಸೆನ್ ಪಟ್ಟಣದಲ್ಲೆಲ್ಲ ಹೆಸರು. ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ, ಮದುವೆ, ನಿವೃತ್ತಿ, ಹುಟ್ಟುಹಬ್ಬ ಎಂದು ಕರೆದವರಿಗೆ ಬರೆದುಕೊಟ್ಟು ಬದುಕುವವನಿಗೆ ಆ ಹೆಸರೇ ಬಂಡವಾಳ.

ಹಾರ್ಮ್ ಹುಡುಕಿಕೊಂಡು ಬಂದದ್ದೂ ಅದಕ್ಕೇ. ಅವನ ಹೆಂಡತಿ ಫೆನ್ನಾಗೆ ಐವತ್ತು ತುಂಬುತ್ತಿತ್ತು. ಐವತ್ತಾದವಳು ಬೈಬಲ್ಲಿನ ಮುದುಕಿ ಸಾರಾಳನ್ನು ಕಂಡಳು ಎನ್ನುವುದು ಆ ಕಡೆಯ ವಾಡಿಕೆ. ಮನೆ ಮುಂದೆ ಆಳೆತ್ತರದ ಸಾರಾ ಗೊಂಬೆಯನ್ನು ನಿಲ್ಲಿಸಿ ಬೀದಿಗೆಲ್ಲ ವಯಸ್ಸು ತಿಳಿಸದಿದ್ದರೆ ಹಬ್ಬವೇ ಅಲ್ಲ.

"ಗೊಂಬೆ ಬೇಡ ಮಾರಾಯ. ದೊಡ್ಡ ಹಲಗೆ ಮೇಲೆ ಮನೆಯವ್ರನ್ನೆಲ್ಲ ಬರಿ, ನಡುವೆ ಸಾರಾ ಆಗಿ ನಮ್ಮವಳು. ಯಾರನ್ನೂ ಬಿಡ್ಬೇಡ!" ಎಂದು ಫೋಟೊಗಳನ್ನು ಕೊಟ್ಟುಹೋದ.

ಫೆನ್ನಾಳ ಅಣ್ಣ ವಿಲ್ಕೋನ ಮೂಗು, ಅವಳ ತಾಯಿಯ ಜೋಡಿ ಗದ್ದ, ಹಾರ್ಮ್‌ನ ಕಿವಿ, ಎಲ್ಲ ಲೀಲಾಜಾಲವಾಗಿ ಬಂದವು. ಫೆನ್ನಾಳ ಫೋಟೊ ಮುಂದೆ ಕೈ ನಿಂತಿತು. ಹಿಂದಿನ ವರ್ಷ ಅವಳಿಗೆ ಪಾರ್ಶ್ವವಾಯು ಹೊಡೆದದ್ದು ಅವನ ಕಿವಿಗೂ ಬಿದ್ದಿತ್ತು. ಎಡ ತುಟಿ ಜೋತುಬಿದ್ದಿತ್ತು, ಎಡಗಣ್ಣು ಅರೆ ಮುಚ್ಚಿತ್ತು. ಅದನ್ನು ಹಿಡಿದರೆ ಎರಡೇ ಗೆರೆಯಲ್ಲಿ ಫೆನ್ನಾ ಎದ್ದುಬರುತ್ತಿದ್ದಳು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತೆಳು ಕಾಗದದ ಮೇಲೆ ಮುಖದ ಬಲ ಅರ್ಧವನ್ನಷ್ಟೇ ಬರೆದು, ಕಾಗದ ಮಗುಚಿ, ಅದೇ ಅರ್ಧವನ್ನು ಎಡಕ್ಕೂ ಇಳಿಸಿಬಿಟ್ಟ. ಪಾಪ, ಹೆಣ್ಣುಮಗಳು ಎಂದುಕೊಂಡ. ತನ್ನದು ಎಂಥ ದೊಡ್ಡ ಮನಸ್ಸು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ ಬೇರೆ!

ಹಬ್ಬದ ದಿನ ಹಲಗೆ ತಂದ ಮೆನ್ನೋನನ್ನೂ ಕೂರಿಸಿಕೊಂಡು, ಕುರ್ಚಿಗಳನ್ನು ಸುತ್ತಲೂ ಹಾಕಿ ಕಾಫಿ ಆಯಿತು. ಆಮೇಲೆ ಎಲ್ಲರೂ ಅಂಗಳಕ್ಕಿಳಿದರು. ಹಾರ್ಮ್ ಹಲಗೆಯ ಮುಸುಕು ಎಳೆದ.

"ಅಯ್ಯೋ ಪಾಪಿ, ಇದೇನು ಮೂಗಾ, ಹಡಗಾ?" ಎಂದು ವಿಲ್ಕೋ ಕಿರುಚಿದ.

"ನಿಂದೇ ಕಣೋ. ನಿಮ್ಮಪ್ಪಂದೂ ಹಿಂಗೇ ಇತ್ತು" ಎಂದಳು ತಾಯಿ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಫೆನ್ನಾ, ಓರೆ ಬಾಯಿಯಲ್ಲೇ. ಆಮೇಲೆ ಅವಳ ಕಣ್ಣು ಹಲಗೆಯ ನಡುವಿಗೆ ಬಂತು.

"ಇವಳ್ಯಾರು?"

"ನೀನೇ ಕಣೇ, ಸಾರಾ!" ಎಂದ ಹಾರ್ಮ್.

ಅವಳು ನಗಲಿಲ್ಲ. ಮೆನ್ನೋನ ಕಡೆ ತಿರುಗಿ, ತೊದಲುವ ನಾಲಿಗೆಯಲ್ಲಿ ನಿಧಾನವಾಗಿ ಕೇಳಿದಳು: "ಎಲ್ರನ್ನೂ ಗೇಲಿ ಮಾಡಿದ್ದೀರಿ. ನನ್ನೊಬ್ಬಳನ್ನ ಯಾಕ್ರೀ ಬಿಟ್ರಿ?"

"ಅಲ್ಲ... ಬೇಜಾರಾಗುತ್ತೇನೋ ಅಂತ..."

"ಯಾರಿಗೆ?"

ಮೆನ್ನೋನ ಕಣ್ಣು ಅವಳ ಹಣೆಗೆ ಸರಿಯಿತು.

"ಆಸ್ಪತ್ರೆಯಿಂದ ಬಂದ್ಮೇಲೆ ಎಲ್ರೂ ನನ್ನ ಹಣೆ ನೋಡ್ಕೊಂಡೇ ಮಾತಾಡ್ತಾರೆ. ನಿಮ್ ಕೈಗೆ ಮುಲಾಜಿಲ್ಲ ಅಂತ ಕೇಳಿದ್ದೆ. ಬರ್ಸಿದ್ರೆ ಇವ್ರ ಹತ್ರಾನೇ ಅಂತ ಹಠ ಹಿಡಿದವಳು ನಾನೇ."

ಹಾರ್ಮ್ ಬೇಲಿ ಕಡೆ ನೋಡುತ್ತ ನಿಂತ. ಮೆನ್ನೋಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವಳಿಗೆ ನೋವಾದೀತೆಂದು ಅವನು ಕಾಗದ ಮಗುಚಿರಲಿಲ್ಲ. ಆ ಮುಖ ನೋಡಲು ಅವನಿಗೇ ಆಗಿರಲಿಲ್ಲ. ಕರುಣೆ ಎಂದು ಹೆಸರಿಟ್ಟುಕೊಂಡದ್ದು ಬರೀ ಹೇಡಿತನ, ಥೂ!

"ಬಣ್ಣ ತಂದಿದ್ದೀರಾ?" ಎಂದಳು ಫೆನ್ನಾ.

"ಕಾರಲ್ಲಿದೆ."

"ತನ್ನಿ ಮತ್ತೆ. ಕೇಕ್ ಆಮೇಲೆ."

ಅವಳು ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು. ಹಲಗೆಯ ಮೇಲಿನ ಚೆಂದದ ಮುಖಕ್ಕೆ ಅವನು ಬಿಳಿ ಬಳಿದ. ಅದು ಒಣಗುವವರೆಗೂ ಯಾರೂ ಒಳಗೆ ಹೋಗಲಿಲ್ಲ.

"ಹಣೆ ಅಲ್ಲ, ಇಲ್ಲಿ ನೋಡಿ" ಎಂದು ಅವಳು ಎಡ ತುಟಿಗೆ ಬೆರಳಿಟ್ಟಳು.

ಅವನು ಗೆರೆ ಎಳೆದು, ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಫೆನ್ನಾ ಬಗ್ಗಿ ನೋಡಿದಳು.

"ಸಾಲ್ದು ಕಣ್ರೀ. ವಿಲ್ಕೋನ ಮೂಗಿಗೆ ಎಷ್ಟು ಕೊಟ್ರೋ ಇದಕ್ಕೂ ಅಷ್ಟೇ ಕೊಡಿ."

ಮೆನ್ನೋ ತಲೆ ಎತ್ತಿ ಅವಳ ಮುಖ ನೋಡಲೇಬೇಕಾಯಿತು.