ತೂಬು ಕಾಯುವ ದನಿ

ಪಂಪಾಪತಿ ತೀರಿಕೊಂಡ ಮೇಲಿನ ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ದನಿ ಊರಿಗೆ ಮರಳಿ ಬಂತು.

ಸಿದ್ದಾಪುರದಿಂದ ಕಾಲುವೆಯ ಗುಂಟ ಹೋದರೆ ಸಿಗುವ ತಿಮ್ಮನಕೇರಿಯಲ್ಲಿ ಅವನು ನೀರು ಬಳಕೆದಾರರ ಸಂಘದ ಅಧ್ಯಕ್ಷನಾಗಿದ್ದ. ಹೆಸರಿಗೆ ಸಂಘದ ಅಧ್ಯಕ್ಷ, ನಿಜದಲ್ಲಿ ಊರಿಗೇ ಯಜಮಾನ. ಭತ್ತ ಬೆಳೆಯುವ ಊರಿನಲ್ಲಿ ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುವವನ ಮಾತನ್ನು ಮೀರುವವರು ಯಾರು? ಪಂಚಾಯಿತಿಗೆ ಯಾರು ನಿಲ್ಲಬೇಕು, ಯಾವ ಓಣಿಗೆ ಮೊದಲು ಸಿಮೆಂಟ್ ರಸ್ತೆ ಆಗಬೇಕು ಎಂಬುದೂ ಅವನ ಮನೆಯ ಕಟ್ಟೆಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಅವನು ತೀರಾ ಒಳ್ಳೆಯವನೇನೂ ಅಲ್ಲ. ಸುಳ್ಳು ಹೇಳುತ್ತಿದ್ದ, ತನ್ನವರ ಕಡೆ ವಾಲುತ್ತಿದ್ದ. ಆದರೂ ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುತ್ತಿದ್ದವನು ಅವನೇ. ಸ್ವಂತ ಮಕ್ಕಳಿಲ್ಲದ್ದರಿಂದ ಊರೇ ಅವನಿಗೆ ಸಂಸಾರವಾಗಿತ್ತು ಎಂದು ಹೆಂಡತಿ ಕಳಕಮ್ಮ ಹೇಳುತ್ತಿದ್ದಳು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ದೂರೂ ಇತ್ತು.

ಅವನು ಹೋದ ಮೇಲೆ ಅವನ ತಮ್ಮ ಗುರುಬಸವನೂ ಮಡ್ಡಿ ಓಣಿಯ ಅಯ್ಯಪ್ಪನೂ ಅಧ್ಯಕ್ಷಗಿರಿಗೆ ಬಡಿದಾಡಿದರು. ಒಂದು ಸಂಜೆ ಕಾಲುವೆಯ ನೀರು ಬಿಡುವ ತೂಬಿನ ಬಳಿ ಸಲಿಕೆಗಳು ಮೇಲೆದ್ದವು. ಒಬ್ಬನ ಬಲಗೈ ಶಾಶ್ವತವಾಗಿ ಜೋತುಬಿತ್ತು. ಪೊಲೀಸರು ಬಂದರು, ಅಧಿಕಾರಿಗಳು ಬಂದರು, ಚುನಾವಣೆ ಮುಂದಕ್ಕೆ ಹೋಯಿತು. ಆಗ ಹೈದರಾಬಾದಿನ ಒಂದು ಸಂಸ್ಥೆಯ ಪರವಾಗಿ ಶೈಲಶ್ರೀ ಎಂಬ ಎಂಜಿನಿಯರ್ ಊರಿಗೆ ಬಂದಳು. ಯಲಬುರ್ಗಾದ ಹುಡುಗಿ, ಮಾತು ಮೆತ್ತಗೆ. ತೂಬುಗಳಿಗೆಲ್ಲ ಮೋಟಾರು ಕೂರಿಸುತ್ತೇವೆ, ಗದ್ದೆಗಳಲ್ಲಿ ತೇವ ಅಳೆಯುವ ಕಡ್ಡಿ ನೆಡುತ್ತೇವೆ, ಯಾರಿಗೆ ಎಷ್ಟು ನೀರು ಬೇಕೆಂದು ಯಂತ್ರವೇ ಲೆಕ್ಕ ಹಾಕಿ ಬಿಡುತ್ತದೆ, ಒಂದು ನಂಬರಿಗೆ ಫೋನ್ ಮಾಡಿದರೆ ಬೀದಿದೀಪ, ಕುಡಿಯುವ ನೀರಿನ ದೂರನ್ನೂ ಅದೇ ಕೇಳಿ ನೋಡಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದಳು.

“ಇದಕ್ಕ ಜಾತಿ ಇಲ್ಲ, ಬೀಗರಿಲ್ಲ, ಮುಂದಿನ ಎಲೆಕ್ಷನ್ನೂ ಇಲ್ಲರಿ” ಎಂದಳು. ಜೋತುಬಿದ್ದ ಕೈಯವನೂ ಆ ಸಭೆಯಲ್ಲಿ ಕುಳಿತಿದ್ದ. ಯಾರಿಗೂ ಬೇಡ ಎನ್ನುವ ಬಾಯಿ ಬರಲಿಲ್ಲ.

ಮೊದಲಿಗೆ ಯಂತ್ರ ಯಾವುದೋ ಹೆಂಗಸಿನ ದನಿಯಲ್ಲಿ ಮೈಕಿನಲ್ಲಿ ನೀರಿನ ಪಾಳಿ ಸಾರುತ್ತಿತ್ತು. ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಮೋಟಾರು ಕಿತ್ತು ತೂಬು ಎತ್ತಿದ್ದರು. ಪಂಪಾಪತಿಯೇ ಹೇಳಿದ್ದರೆ ಜನ ಕೇಳುತ್ತಿದ್ದರು ಎಂದು ಯಾರೋ ಮಾತಿಗೆ ಅಂದರು. ಆ ಮಾತು ಶೈಲಶ್ರೀಯ ತಲೆಯಲ್ಲಿ ಉಳಿಯಿತು. ಅವನು ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದು ಊರಿನ ಎಷ್ಟೋ ಫೋನುಗಳಲ್ಲಿತ್ತು. ಅದನ್ನೆಲ್ಲ ಕೂಡಿಸಿ ಅವನ ದನಿಯನ್ನೇ ಯಂತ್ರಕ್ಕೆ ಕಲಿಸಬಹುದು, ತಾವು ಒಪ್ಪಿದರೆ ಮಾತ್ರ ಎಂದು ಅವಳು ಕಳಕಮ್ಮನ ಬಳಿ ಬಂದು ಕೇಳಿದಳು. ಕಳಕಮ್ಮ ಊರಿನ ಒಳಿತಿಗಾದರೆ ಆಗಲಿ ಎಂದಳು. ಗಂಡನ ದನಿ ತನಗೆ ಮರೆತುಹೋಗತೊಡಗಿದೆ, ನೆನೆಸಿಕೊಂಡರೆ ಮುಖ ಬರುತ್ತದೆ, ಮಾತು ಬರುವುದಿಲ್ಲ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಸಂಘದ ಕಟ್ಟಡದ ಮೇಲಿನ ಮೈಕು ಗರಗರ ಎಂದಿತು. ಅದರ ಹಿಂದೆಯೇ ಒಂದು ಸಣ್ಣ ಕೆಮ್ಮು. ಮಾತಿಗೆ ಮೊದಲು ಅವನು ಹಾಗೆಯೇ ಕೆಮ್ಮುತ್ತಿದ್ದ. “ತಿಮ್ಮನಕೇರಿ ರೈತ ಬಾಂಧವರಿಗೆ ನಮಸ್ಕಾರ್ರಿ” ಎಂದು ದನಿ ಶುರುಮಾಡಿತು. ಹಟ್ಟಿಯಲ್ಲಿದ್ದ ಮುದಿ ಎಮ್ಮೆ ಮೇವು ಬಿಟ್ಟು ತಲೆಯೆತ್ತಿ ಬಾಗಿಲ ಕಡೆ ನೋಡಿತು. ದನಿ ನಿಂತ ಮೇಲೂ ಅದು ಬಹಳ ಹೊತ್ತು ಹಾಗೆಯೇ ನೋಡುತ್ತಿತ್ತು. ಕಳಕಮ್ಮನ ಕೈಯಲ್ಲಿದ್ದ ತಂಬಿಗೆಯ ನೀರು ಅವಳ ಕಾಲ ಮೇಲೆಯೇ ಸುರಿದಿತ್ತು.

ಜನ ಆ ದನಿಯ ಮಾತು ಕೇಳಿದರು. ತೂಬಿಗೆ ಯಾರೂ ಕೈಹಾಕಲಿಲ್ಲ. ನೀರು ಕಾಲುವೆಯ ಕೊನೆಯವರೆಗೆ ಹರಿಯಿತು. ಕೊನೆಭಾಗದಲ್ಲಿ ಜೈನಾಬೀಯ ಗದ್ದೆ. ಗಂಡ ಸತ್ತ ಮೇಲೆ ತಾನೇ ದುಡಿಯುವವಳು. ಬೇಸಿಗೆ ಬೆಳೆಗೆ ಅವಳ ಗದ್ದೆಗೆ ಎಂದೂ ನೀರು ಮುಟ್ಟಿರಲಿಲ್ಲ. ಆ ವರ್ಷ ಮುಟ್ಟಿತು. ಸುಗ್ಗಿಯಾದ ಮೇಲೆ ಅವಳು ಹೊಸ ಅಕ್ಕಿಯ ಚೀಲವೊಂದನ್ನು ತಲೆಯ ಮೇಲೆ ಹೊತ್ತು ತಂದು ಕಳಕಮ್ಮನ ಕಟ್ಟೆಯ ಮೇಲಿಟ್ಟಳು.

“ಮುಂದಿನ ಪಾಳಿ ನಿಂದ ಜೈನಾಬೀ, ಮುಂದಿನ ಪಾಳಿ ನಿಂದ ಅಂತಿದ್ರು ನಿಮ್ಮ ಯಜಮಾನ್ರು. ಇದ್ದಾಗ ಕೊಡಲಿಲ್ಲ ಅಕ್ಕಾರ, ಹೋದ ಮ್ಯಾಲ ಕೊಟ್ರು.”

ಕಳಕಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸುದ್ದಿ ಹಬ್ಬಿತು. ಗಂಗಾವತಿಯಿಂದ, ಕುಷ್ಟಗಿಯಿಂದ ಜನ ಕಾರು ಮಾಡಿಕೊಂಡು ನೋಡಲು ಬಂದರು. ತಾಲೂಕಿಗೊಂದು ಇಂಥದ್ದು ಕೂರಿಸಿದರೆ ಎಮ್ಮೆಲ್ಲೆಗಳೇ ಬೇಕಾಗುವುದಿಲ್ಲ, ಬೆಂಗಳೂರಿನಲ್ಲೊಂದು ಕೂರಿಸಿದರೆ ಮಂತ್ರಿಗಳೂ ಬೇಕಾಗುವುದಿಲ್ಲ ಎಂದು ಚಹಾದಂಗಡಿಯಲ್ಲಿ ಮಾತಾಡಿಕೊಂಡರು. ತಮಾಷೆಗೆಂದು ಶುರುವಾದ ಮಾತು ಬರಬರುತ್ತ ತಮಾಷೆಯಾಗಿ ಉಳಿಯಲಿಲ್ಲ.

ಕಳಕಮ್ಮನಿಗೆ ಮಾತ್ರ ಒಳಗೊಳಗೆ ಏನೋ ಆಗುತ್ತಿತ್ತು. ಊರವರು ಅವಳ ಮನೆಯ ಮುಂದೆ ಹಾಯುವಾಗ ಮಾತು ತಗ್ಗಿಸುತ್ತಿದ್ದರು. ಅವನು ಇದ್ದಾಗ ಹಾಗೆ ಮಾಡಿದವರಲ್ಲ. “ನಿನಗೇನವ್ವ, ನಿನ್ನ ಗಂಡ ಇನ್ನೂ ಅದಾನ” ಎಂದು ನೀರಿಗೆ ಹೋದಲ್ಲಿ ಒಬ್ಬಳು ಅಂದಳು. ವಿಭೂತಿ ಮಾತ್ರ ಉಳಿದಿದ್ದ ಹಣೆಯನ್ನು ಕಳಕಮ್ಮ ಮುಟ್ಟಿ ನೋಡಿಕೊಂಡಳು. ಬೆಳಗಿನ ದನಿ ಬರುವ ಮೊದಲೇ ಅವಳಿಗೆ ಎಚ್ಚರವಾಗುತ್ತಿತ್ತು. ಇವತ್ತು ಬಾರದಿರಲಿ ಎಂದುಕೊಳ್ಳುತ್ತಿದ್ದಳು, ತುಸು ತಡವಾದರೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಜಲಾಶಯದಲ್ಲಿ ನೀರು ಕಡಿಮೆಯಿತ್ತು. ನಾಟಿ ಮುಗಿದು ಸಸಿ ಹಸಿರಾಗುವ ಹೊತ್ತಿಗೆ ಒಂದು ಬೆಳಿಗ್ಗೆ ದನಿ ಕೆಮ್ಮಿ, ಮಡ್ಡಿ ತೂಬನ್ನು ಈ ಬೆಳೆಗೆ ಮುಚ್ಚಲಾಗಿದೆ ಎಂದು ಸಾರಿತು. ಮಡ್ಡಿಯ ನೆಲ ಎತ್ತರದ್ದು, ನೀರು ಬಹಳ ಕುಡಿಯುತ್ತದೆ. ಅಲ್ಲಿಗೆ ಬಿಡುವ ನೀರಿನಲ್ಲಿ ಬೇರೆ ಕಡೆ ಎರಡರಷ್ಟು ಗದ್ದೆ ಬದುಕುತ್ತದೆ. ಲೆಕ್ಕ ಸರಿಯಾಗಿತ್ತು. ಮಡ್ಡಿಯ ಅಯ್ಯಪ್ಪನೂ ಅದನ್ನು ತಪ್ಪೆನ್ನಲಾರದೆ ಹೋದ.

ಮಡ್ಡಿಯಲ್ಲಿ ಪಾರಮ್ಮನ ತುಂಡು ಗದ್ದೆಯಿತ್ತು. ಅವಳು ಮಧ್ಯಾಹ್ನದ ಬಿಸಿಲಿನಲ್ಲಿ ಬಂದು ಕಳಕಮ್ಮನ ಬಾಗಿಲ ಮುಂದೆ ಕುಳಿತಳು. ಒಳಗೆ ಬಾ ಎಂದರೂ ಬರಲಿಲ್ಲ.

“ಫೋನ್ ಮಾಡಿದ್ದೆ ಯವ್ವಾ. ನಿನ್ನ ಗಂಡ ಸಾವಕಾಶ ಎಲ್ಲಾ ತಿಳಿಸಿ ಹೇಳಿದ. ಬೈದೆ, ಸಿಟ್ಟಾಗಲಿಲ್ಲ. ಅಳಕೋಂತ ಕೇಳಿದೆ, ಅದಕ್ಕೂ ಅದ ಮಾತು, ಅದ ದನಿ. ಬದುಕಿದ್ದಾಗ ಅಂವ ಹಿಂಗಿರಲಿಲ್ಲ.”

ಬದುಕಿದ್ದಾಗ ಜನ ಹೀಗೆ ಬಂದು ಕುಳಿತರೆ ಪಂಪಾಪತಿ ಹಿತ್ತಲ ಬಾಗಿಲಿನಿಂದ ತಪ್ಪಿಸಿಕೊಳ್ಳುತ್ತಿದ್ದ. ಮರುದಿನವೂ ಕುಳಿತಿದ್ದರೆ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದು ಬೈಸಿಕೊಳ್ಳುತ್ತಿದ್ದ. ಕಳಕಮ್ಮನಿಗೆ ತಪ್ಪಿಸಿಕೊಳ್ಳಲು ಮನಸ್ಸಾಗಲಿಲ್ಲ. ಪಾರಮ್ಮ ದಿನವೂ ಬಂದಳು. ಕೊನೆಗೆ ಕಳಕಮ್ಮ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು, ಎಂದೂ ಒತ್ತದ ಆ ನಂಬರನ್ನು ಒತ್ತಿದಳು.

“ಕಳಕಮ್ಮನವರ, ನಮಸ್ಕಾರ್ರಿ. ಹೇಳ್ರಿ.”

ಕೂಡಿ ಬಾಳಿದ ಅಷ್ಟೂ ವರ್ಷ ಅವನು ಅವಳ ಹೆಸರು ಹಿಡಿದು ಕರೆದವನಲ್ಲ. ಏ, ಕೇಳಿಲ್ಲಿ ಎಂದರೆ ಅದು ಅವಳಿಗೇ ಎಂದು ಇಬ್ಬರಿಗೂ ಗೊತ್ತಿತ್ತು. ಈಗ ಅವನ ಬಾಯಿಂದ ತನ್ನ ಹೆಸರು ಕೇಳಿದರೆ ಯಾರೋ ಪರ ಊರಿನವನು ಅವನ ಅಂಗಿ ತೊಟ್ಟು ಬಂದು ನಿಂತಂತೆ ಅನಿಸಿತು.

“ಪಾರಮ್ಮನ ಗದ್ದೀಗೆ ಎರಡು ಪಾಳಿ ನೀರು ಬಿಡ್ರಿ” ಎಂದಳು.

“ಮಡ್ಡಿ ತೂಬು ತೆರೆದ್ರ ಕೊನೀ ಭಾಗಕ್ಕ ನೀರು ಮುಟ್ಟಂಗಿಲ್ಲರಿ. ಪಾರಮ್ಮನವರ ಬೆಳಿ ಉಳಿಸಾಕ ಹೋದ್ರ ಅಲ್ಲಿ ಅದರ ಎರಡರಷ್ಟು ಹೋಗತೈತಿ. ಅದಕ್ಕ ಬಿಡಾಕ ಬರಂಗಿಲ್ಲ.”

“ಆಕಿ ನನ್ನ ಬಾಗಲದಾಗ ಕುಂತಾಳ.”

“ನಿಮ್ಮ ಮಾತು ದಾಖಲ ಮಾಡಕೊಂಡೀನ್ರಿ.”

“ನಿಮಗ ಕೆಟ್ಟ ಅನಸೂದಿಲ್ಲೇನ್ರಿ?”

ಆ ಕಡೆಯಿಂದ ಅದೇ ಸಣ್ಣ ಕೆಮ್ಮು. “ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲರಿ. ನೀರಿನ ಬಗ್ಗೆ ಬ್ಯಾರೆ ಏನರ ಕೇಳೂದೈತೇನ್ರಿ?”

ಕಳಕಮ್ಮ ಫೋನನ್ನು ಅಕ್ಕಿಯ ಡಬ್ಬಿಯ ಮೇಲಿಟ್ಟು ಅಲ್ಲಿಯೇ ಕುಳಿತಳು. ಇಂಥದ್ದೇ ಒಂದು ಬೇಸಿಗೆಯಲ್ಲಿ ಪಂಪಾಪತಿ ಅವಳ ಅಣ್ಣ ಅಂದಪ್ಪನ ಗದ್ದೆಗೆ ನೀರು ಬಿಟ್ಟು ಕೊನೆಭಾಗವನ್ನು ಒಣಗಿಸಿದ್ದ. ತವರಿನ ಕಡೆಯಿಂದ ಬಂದ ಆ ಬೇಡಿಕೆಯನ್ನು ಅವನ ಕಿವಿಗೆ ಹಾಕಿದವಳು ಅವಳೇ. ಆವತ್ತು ಊಟಕ್ಕೆ ಕುಳಿತವನು ರೊಟ್ಟಿ ಮುರಿದು ಮುರಿದು ತಟ್ಟೆಯ ತುಂಬ ಚೂರು ಮಾಡಿದನೇ ಹೊರತು ಒಂದನ್ನೂ ಬಾಯಿಗಿಡಲಿಲ್ಲ. ಅವನಿಗೆ ಹಾಗೆಲ್ಲ ಅನಿಸದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅವಳು ಅಂದುಕೊಂಡಿದ್ದಳು.

ಅದೇ ವಾರ ಅವಳು ಸಂಘದ ಸಭೆಗೆ ಹೋದಳು. ಶೈಲಶ್ರೀಯೂ ಬಂದಿದ್ದಳು. ಕಳಕಮ್ಮ ಎದ್ದು ನಿಂತು, ತನ್ನ ಗಂಡನ ದನಿಯನ್ನು ತೆಗೆದುಬಿಡಬೇಕು ಎಂದಳು. ಬೇರೆಯವರ ದನಿ ಹಾಕೋಣವೇ ಎಂದು ಶೈಲಶ್ರೀ ಕೇಳಿದಳು. ಬೇಡ ಎಂದಳು ಕಳಕಮ್ಮ.

“ಲೆಕ್ಕ ಅದು ಮಾಡಲಿ. ತೂಬು ಮುಚ್ಚೇನಿ ಅಂತ ಹೇಳೋರು ಮಾತ್ರ ಈ ಊರಾಗ ಉಣ್ಣೋರು, ಈ ಊರಾಗ ಸಾಯೋರು ಇರಬೇಕು. ಅವರ ಮುಖಾ ನೋಡಿ ಬೈಯಾಕ ಬರಬೇಕು.”

ಸಭೆಯಲ್ಲಿ ಗುಜುಗುಜು ಎದ್ದಿತು. ಮಡ್ಡಿಯವರು ಹೌದೆಂದರು. ಹಿಂದಿನಿಂದ ಜೈನಾಬೀ ಸೆರಗು ಸರಿಮಾಡಿಕೊಂಡು ಎದ್ದಳು. ಅವಳು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು.

“ನಿಮಗ ಬೈಯಾಕ ಮನಿಷ್ಯಾ ಬೇಕು. ನನಗ ನೀರು ಬೇಕು. ನಾ ಬೈದಾಗ ಯಾರು ಕೇಳಿದ್ರಿ?”

ಆದರೂ ಕೈಯೆತ್ತಿಸಿ ನೋಡಿದಾಗ ಹೆಚ್ಚಿನವರು ಕಳಕಮ್ಮನ ಕಡೆಯಿದ್ದರು. ಯಂತ್ರ ಲೆಕ್ಕ ಹೇಳಬೇಕು, ತೂಬು ತೆರೆಯುವ ಮುಚ್ಚುವ ಅಪ್ಪಣೆ ಒಬ್ಬ ಮನುಷ್ಯನದಾಗಿರಬೇಕು ಎಂದಾಯಿತು. ಯಾರು ಎಂಬ ಮಾತು ಬಂದಾಗ, ಅದಕ್ಕಾಗಿಯೇ ಬಡಿದಾಡಿದ್ದ ಗುರುಬಸವನೂ ಅಯ್ಯಪ್ಪನೂ ನೆಲ ನೋಡಿದರು. ಮೊದಲು ಏನು ಮಾಡಿದರೂ ನೀರೇ ಇರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಈಗ ಸರಿಯಾದ ಲೆಕ್ಕ ಎಲ್ಲರ ಫೋನಿನಲ್ಲೂ ಇರುತ್ತದೆ, ಅದನ್ನು ಮೀರಿದರೆ ಎಷ್ಟು ಮೀರಿದ ಎಂಬುದೂ ಇರುತ್ತದೆ. ಮನುಷ್ಯರು ಬೇಕೆಂದು ಕೇಳಿದವರೇ ಮಾಡಲಿ ಎಂದು ಯಾರೋ ಅಂದರು. ಕಳಕಮ್ಮ ಆಗಲಿ ಎಂದಳು.

ಆ ಸಂಜೆ ಶೈಲಶ್ರೀ ಅವಳೆದುರೇ ದನಿಯನ್ನು ಅಳಿಸಿದಳು. ಒಮ್ಮೆ ಕೊನೆಗೆ ಕೇಳುತ್ತೀರಾ ಎಂದಾಗ ಕಳಕಮ್ಮ ಬೇಡವೆಂದು ತಲೆಯಾಡಿಸಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ತಾನೇ ಅವನನ್ನು ಎರಡನೆಯ ಸಲ ಮಣ್ಣು ಮಾಡಿದೆ ಎನಿಸಿತು. ಈ ಸಲ ಹೆಗಲು ಕೊಡಲು ಯಾರೂ ಬಂದಿರಲಿಲ್ಲ.

ಮರುದಿನ ಪಾರಮ್ಮ ಬಂದವಳು ಗದ್ದೆಯಿಂದ ಕಿತ್ತುತಂದ ಒಂದು ಹಿಡಿ ಸಸಿಯನ್ನು ಹೊಸ್ತಿಲ ಮೇಲಿಟ್ಟಳು. ತುದಿ ಹಳದಿಯಾಗಿ ಸುರುಟಿದ್ದವು. ಅವಳು ಬೈಯಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಭುಜಗಳು ಅಲುಗುವುದನ್ನು ಕಳಕಮ್ಮ ನೋಡುತ್ತ ನಿಂತಳು. ಫೋನಿನಲ್ಲಿ ಯಂತ್ರದ ಲೆಕ್ಕ ಇತ್ತು: ಮಡ್ಡಿ ತೂಬು ಮುಚ್ಚಿರಲಿ. ಅಷ್ಟರಲ್ಲಿ ಒಂದು ಮಳೆ ಬಂದರೂ ಬರಬಹುದು, ಕೊನೆಭಾಗ ಹೇಗೋ ತಡೆದುಕೊಳ್ಳುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಡ್ಡಿಗೆ ಎರಡು ಪಾಳಿ ಬಿಡಿಸಿದಳು.

ಮಳೆ ಬರಲಿಲ್ಲ. ಕೊನೆಭಾಗದಲ್ಲಿ ತೆನೆಗೆ ಹಾಲು ತುಂಬುವ ಹೊತ್ತಿಗೆ ನೆಲ ಬಿರಿಯಿತು. ದೂರದಿಂದ ನೋಡಿದರೆ ಗದ್ದೆ ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರ ಹೋಗಿ ತೆನೆ ಹಿಡಿದರೆ ಬರೀ ಜೊಳ್ಳು.

ಒಂದು ಬೆಳಿಗ್ಗೆ ಕಳಕಮ್ಮ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಜೈನಾಬೀ ಕುಳಿತಿದ್ದಳು. ಯಾವಾಗ ಬಂದಿದ್ದಳೋ. ಕಳಕಮ್ಮ ಚಹಾ ತಂದಿಟ್ಟಳು. ಜೈನಾಬೀ ಮುಟ್ಟಲಿಲ್ಲ. ಚಹಾದ ಮೇಲೆ ಕೆನೆಗಟ್ಟಿ ಸುಕ್ಕಾಯಿತು. ಬಿಸಿಲು ಕಟ್ಟೆಯವರೆಗೆ ಬಂತು.

“ಅದು ಸರಿ ಹೇಳಿತ್ತಲ್ಲ ಅಕ್ಕಾರ. ಎಲ್ಲಾರ ಫೋನಿನ್ಯಾಗೂ ಐತಿ. ಮತ್ತ್ಯಾಕ ಮಾಡಿದ್ರಿ?”

ಹೇಳಬಹುದಾದ ಸುಳ್ಳುಗಳು ಎಷ್ಟೋ ಇದ್ದವು. ಮೋಟಾರು ಕೆಟ್ಟಿತ್ತು, ಮೇಲಿನವರು ಕದ್ದರು. ಕಳಕಮ್ಮನ ನಾಲಿಗೆಯ ತುದಿಗೆ ಅವು ತಾವಾಗಿ ಬಂದು ನಿಂತವು. ಅವಳು ಅವನ್ನು ನುಂಗಿಕೊಂಡಳು.

“ಪಾರಮ್ಮ ನನ್ನ ಮುಂದ ಅತ್ತಳು. ನೀ ಅಲ್ಲಿ ಇರಲಿಲ್ಲ.”

ಜೈನಾಬೀ ತಣ್ಣಗಾದ ಚಹಾವನ್ನು ಪಕ್ಕಕ್ಕೆ ಸರಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಳಕಮ್ಮನಿಗೆ ಹಗುರವಾಗುತ್ತಿತ್ತು.

“ಹಂಗಾರ ಇನ್ನ ಮ್ಯಾಲ ನಾನೂ ಬಂದು ಕುಂದರತೀನಿ” ಎಂದಳು.

ಹೇಳಿದಂತೆಯೇ ಮಾಡಿದಳು. ಕೂಲಿಗೆ ಹೋಗುವ ಮೊದಲು ಬಂದು ಕುಳಿತು, ಹೊತ್ತಾದಾಗ ಎದ್ದುಹೋಗುತ್ತಾಳೆ. ಕೇಳುವುದು ಬೇಡುವುದು ಏನೂ ಇಲ್ಲ. ಅವಳನ್ನು ನೋಡಿ ಕೊನೆಭಾಗದ ಬೇರೆಯವರೂ ಬರತೊಡಗಿದ್ದಾರೆ, ಮಡ್ಡಿಯವರಂತೂ ಬಿಟ್ಟೇ ಇಲ್ಲ. ಸಂಘದ ಮೇಲಿನ ಮೈಕಿನಲ್ಲಿ ಗುಬ್ಬಿಗಳು ಹುಲ್ಲು ತುಂಬಿವೆ. ನಸುಕಿನಲ್ಲಿ ಎಚ್ಚರವಾದಾಗ ಕಳಕಮ್ಮ ಬಾಗಿಲ ಹಿಂದೆ ನಿಂತು ಆಲಿಸುತ್ತಾಳೆ. ಹೊರಗೆ ಯಾರೂ ಮಾತಾಡುವುದಿಲ್ಲ. ಬಳೆ ಅಲುಗಿದ್ದು, ಯಾರೋ ಮಗ್ಗುಲು ಬದಲಿಸಿದ್ದು, ಅಷ್ಟೇ ಕೇಳುತ್ತದೆ. ಎಷ್ಟು ಜನ ಇದ್ದಾರೆಂದು ಎಣಿಸಲು ಹೋಗುವುದಿಲ್ಲ. ಚಿಲಕ ತೆಗೆದು, ಹೊರಗೆ ಹೋಗಿ, ಅವರ ಎದುರಿಗೆ ಕೂರುತ್ತಾಳೆ.