ತೀರ್ಥ ತಾಯಿಗೆ, ಹಾಲು ಕೂಸಿಗೆ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಮೂರ್ನಾಡಿನ ಹತ್ತಿರದ ಒಂದು ಊರಲ್ಲಿ ಬೊಳ್ಳಮ್ಮನ ಮೊಮ್ಮಗಳು ಬಿಡದೆ ಅಳುತ್ತಿದ್ದಳು. ಒಂದೂವರೆ ತಿಂಗಳ ಕೂಸು. ಅದರ ಬಾಯಿ ಆರುತ್ತಿದೆ ಎಂದು ಬೊಳ್ಳಮ್ಮನಿಗೆ ಅನಿಸಿತು. ಸೊಸೆ ಪೊನ್ನಮ್ಮ ಮೊದಲೇ ಸಣಕಲಿ, ಅವಳಿಗೆ ಹಾಲೆಲ್ಲಿಂದ ಬಂದೀತು?

ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು ಅದು. ‘ಮಗು ಕೊಡು ತಾಯಿ, ನಡೆದೇ ಬಂದು ಮೀಯುತ್ತೇನೆ, ನಿನ್ನ ತೀರ್ಥವನ್ನೇ ಅದಕ್ಕೆ ಕುಡಿಸುತ್ತೇನೆ’ ಎಂದು ಬೊಳ್ಳಮ್ಮ ಕಾವೇರಮ್ಮನಿಗೆ ಹರಕೆ ಹೊತ್ತಿದ್ದಳು. ಆ ವರ್ಷದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ನಡೆದು ಹೋಗಿ, ಮಿಂದು, ಗಿಂಡಿ ತುಂಬ ತೀರ್ಥ ತಂದಳು. ಅಂದಿನಿಂದ ಕೂಸು ಅತ್ತಾಗಲೆಲ್ಲ, ಹಾಲು ಕುಡಿಸುವ ಪುಟ್ಟ ಒಳಲೆಯಲ್ಲಿ ಒಂದು ಒಳಲೆ ತೀರ್ಥ.

ಹತ್ತು ದಿನಕ್ಕೆ ಕೂಸಿಗೆ ಭೇದಿ ಹಿಡಿಯಿತು. ಎದೆಗೆ ಹಚ್ಚಿದರೆ ಎರಡು ಗುಟುಕು ಎಳೆದು ಮುಖ ತಿರುಗಿಸುತ್ತಿತ್ತು. ಮಗ ಪೂವಯ್ಯ ಓಡಿಹೋಗಿ ಆಸ್ಪತ್ರೆಯ ಮಿಡ್‌ವೈಫ್ ಕಾಮಾಕ್ಷಮ್ಮನವರನ್ನು ಕರೆತಂದ.

ಅವರು ಕೂಸಿನ ನೆತ್ತಿ, ನಾಲಿಗೆ, ಹೊಟ್ಟೆ ಮುಟ್ಟಿ ನೋಡಿದರು. “ಕಣ್ಣಲ್ಲಿ ಚುರುಕಿದೆ, ಹೆದರಬೇಡಿ. ಬಾಯಿಗೆ ಏನೇನು ಹಾಕ್ತಿದ್ದೀರಿ?”

“ಎಂತದೂ ಇಲ್ಲ. ಹಾಲು ಮಾತ್ರ” ಎಂದಳು ಬೊಳ್ಳಮ್ಮ. “ಮತ್ತೆ, ಸಂಕ್ರಮಣದ ತೀರ್ಥ.”

“ಒಂದು ಗಿಂಡಿ ತೀರ್ಥ ಇಷ್ಟು ದಿನ ಬಂತಾ ಬೊಳ್ಳಕ್ಕ?”

ಬೊಳ್ಳಮ್ಮ ಸೆರಗು ಸರಿಮಾಡಿಕೊಂಡಳು. “ಊರವರೆಲ್ಲ ಕೇಳ್ತಾರೆ, ಇಲ್ಲ ಅನ್ನೋಕಾಗ್ತದಾ? ಕಮ್ಮಿಯಾದಾಗ ಬಾವಿ ನೀರು ಸ್ವಲ್ಪ ಬೆರೆಸಿದೆ.”

“ಸ್ವಲ್ಪವಾ ಅವ್ವ?” ಎಂದ ಪೂವಯ್ಯ. “ಈಗ ಅದರಲ್ಲಿ ಕಾವೇರಿಗಿಂತ ನಮ್ಮ ಬಾವಿಯೇ ಜಾಸ್ತಿ.”

“ನೀನು ಸುಮ್ಮನಿರು. ಅಷ್ಟು ದೂರ ನಡೆದದ್ದು ನಿನ್ನ ಕಾಲಾ?”

ಎಷ್ಟೋ ದಿನಗಳ ಮೇಲೆ ಪೊನ್ನಮ್ಮ ನಕ್ಕಳು.

ಕಾಮಾಕ್ಷಮ್ಮ ಗಿಂಡಿಗೆ ಕೈಮುಗಿದು ಹೇಳಿದರು: “ತೀರ್ಥವನ್ನು ನಾನು ದೂರುವುದಿಲ್ಲ. ಆದರೆ ಹೊಳೆ ನೀರಿರಲಿ, ಬಾವಿ ನೀರಿರಲಿ, ಕಾಯಿಸಿದ್ದೇ ಇರಲಿ, ಈ ಹೊಟ್ಟೆಗೆ ಬೇಡ. ಇಷ್ಟೇ ಇಷ್ಟು ಹೊಟ್ಟೆ. ನೀರು ತುಂಬಿದರೆ ಹಾಲಿಗೆ ಜಾಗ ಎಲ್ಲಿ? ಕೂಸು ಎಳೆದಷ್ಟೂ ಹಾಲು ಬರ್ತದೆ, ಎಳೆಯದಿದ್ದರೆ ಬತ್ತಿಹೋಗ್ತದೆ.”

“ಬಾಯಾರಿದರೆ?” ಎಂದಳು ಬೊಳ್ಳಮ್ಮ.

“ಹಾಲಲ್ಲೇ ಬೇಕಾದಷ್ಟು ನೀರಿದೆ.”

“ಇವಳಿಗೆ ಹಾಲು ಸಾಲಬೇಕಲ್ಲಮ್ಮ. ಕಡ್ಡಿ ಹಾಗಿದ್ದಾಳೆ.”

“ಸಣ್ಣ ಮೈಯವರಿಗೂ ಹಾಲು ಬರ್ತದೆ. ಕೂಸು ದಿನಕ್ಕೆ ಆರು ಸಲ ಬಟ್ಟೆ ಒದ್ದೆ ಮಾಡಿದರೆ ಸಾಲ್ತಿದೆ ಅಂತ ತಿಳ್ಕೊಳ್ಳಿ. ಆದರೆ ಕೂತು ಕುಡಿಸೋಕೆ ಇವಳಿಗೆ ಬಿಡುವೆಲ್ಲಿ? ನಾನು ಬಂದಾಗಲೂ ರುಬ್ಬುವ ಕಲ್ಲಿನ ಮುಂದಿದ್ದಳು.”

ಬೊಳ್ಳಮ್ಮ ಗಿಂಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಹರಕೆ ಏನು ಮಾಡಲಿ? ಕೊಟ್ಟವಳು ಮುನಿಸಿಕೊಂಡರೆ?”

“ಅವಳೂ ತಾಯಿಯೇ ಅಲ್ವಾ? ಕಾಯಿಸಿದ ನೀರಿಗೆ ಒಂದು ಹನಿ ತೀರ್ಥ ಹಾಕಿ ಪೊನ್ನಮ್ಮನಿಗೆ ಕೊಡಿ. ಕೂಸಿಗೆ ಅವಳ ಎದೆಯಿಂದ ಇಳೀತದೆ. ಮತ್ತೆ ಮತ್ತೆ ಎದೆಗೆ ಹಚ್ಚಿ. ಕೂಸು ಸೋತು ಬಿದ್ದರೆ, ಹಾಲು ಬಿಟ್ಟರೆ, ಕೂಡಲೇ ಆಸ್ಪತ್ರೆಗೆ ತನ್ನಿ.”

ಅಂದು ದೇವರ ಮುಂದೆ ಪೊನ್ನಮ್ಮ ಅಂಗೈ ಒಡ್ಡಿ ತೀರ್ಥ ತೆಗೆದುಕೊಂಡಳು. ಬೊಳ್ಳಮ್ಮ ಹೋಗಿ ರುಬ್ಬುವ ಕಲ್ಲಿನ ಮುಂದೆ ಕೂತಳು.

ನಾಲ್ಕು ದಿನಕ್ಕೆ ಭೇದಿ ನಿಂತಿತು. ವಾರ ಕಳೆಯುವಷ್ಟರಲ್ಲಿ ಕೂಸು ಬಿಗಿಯಾಗಿ ಎಳೆದು ಕುಡಿದು, ಎದೆಯ ಮೇಲೇ ನಿದ್ದೆಹೋಗತೊಡಗಿತು. ಒಂದು ಸಂಜೆ ಬೊಳ್ಳಮ್ಮ ಒದ್ದೆ ಬಟ್ಟೆಗಳನ್ನು ಬಿದಿರ ಗಳಕ್ಕೆ ಹಾಕುತ್ತ ಮಗನನ್ನು ಕರೆದಳು.

“ಇವತ್ತು ಏಳು ಆಯ್ತು, ನೋಡು. ಒಗೆದು ಒಗೆದು ನನ್ನ ಕೈ ಸೋತಿತು. ಹರಕೆ ಕಾವೇರಮ್ಮನಿಗೆ ಸಂದಿತು ಕಣೋ.”

ಅಕ್ಕಂದಿರೇ, ಅತ್ತೆಯರೇ, ಮನೆಯ ಗಂಡಸರೇ, ನಿಮ್ಮ ಮನೆಯಲ್ಲೂ ತೊಟ್ಟಿಲು ತೂಗುತ್ತಿರಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಿಸಿ, ಮೊದಲ ಹಳದಿ ಹಾಲನ್ನು ಚೆಲ್ಲಬೇಡಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಷ್ಟೇ ಸಾಕು. ನೀರು, ಜೇನು, ಗಂಜಿತಿಳಿ ಯಾವುದೂ ಬೇಡ, ವೈದ್ಯರು ಬರೆದ ಔಷಧಿಯೊಂದನ್ನು ಬಿಟ್ಟು. ಆಮೇಲೆ ಮೆತ್ತನೆಯ ಊಟದ ಜೊತೆಗೂ ಎದೆಹಾಲು ಮುಂದುವರಿಯಲಿ. ಕೂಸು ಅತ್ತಾಗ ತಾಯಿಯ ಕೈಯಲ್ಲಿರುವ ಕೆಲಸವನ್ನು ನೀವು ತೆಗೆದುಕೊಳ್ಳಿ. ಅವಳು ನೆಮ್ಮದಿಯಾಗಿ ಕೂರಲಿ.